ದೇಶ, ಕಾಲ, ಪಾತ್ರ: ಅಮೆರಿಕದಲ್ಲಿ ಯಕೃತ್ತಿನ ಹಂಚಿಕೆಯ ಕಥೆ

ನ್ಯೂಯಾರ್ಕ್ ಮಹಾನಗರದ ಪಶ್ಚಿಮಕ್ಕೆ ಹರಿಯುವ ಹಡ್ಸನ್ ನದಿ ದೃಷ್ಟಿಗೆ ನಿಲುಕದಷ್ಟು ವಿಸ್ತಾರವಾದುದೇನೂ ಅಲ್ಲ. ಈಚೆಯ ದಡದಲ್ಲಿ ನಿಂತವರಿಗೆ ಆಚೆಯ ನ್ಯೂಜರ್ಸಿಯ ಕಟ್ಟಡಗಳು ಸ್ಪಷ್ಟವಾಗಿ ಕಾಣುತ್ತವೆ, ನೆಲದಡಿಯ ರೈಲಿನಲ್ಲಿ ಕುಳಿತರೆ ಕೆಲವೇ ನಿಮಿಷಗಳಲ್ಲಿ ಆಚೆಗೆ ತಲಪಬಹುದು. ಆದರೂ 2020ನೆಯ ಇಸವಿಯ ಆರಂಭದವರೆಗೆ, ಆ ಆಚೆಯ ದಡದ ಆಸ್ಪತ್ರೆಯೊಂದರಲ್ಲಿ ಮಿದುಳು ಸತ್ತ ಮನುಷ್ಯನೊಬ್ಬನ ಯಕೃತ್ತನ್ನು ಅವನ ಬಂಧುಗಳು ದಾನವಾಗಿ ಕೊಟ್ಟರೆ, ಅದು ಸಾಮಾನ್ಯವಾಗಿ ನ್ಯೂಜರ್ಸಿಯ ರೋಗಿಗಳಿಗೆ, ಅಥವಾ ಐನೂರು ಕಿಲೋಮೀಟರು ದೂರದ ಪಿಟ್ಸ್‌ಬರ್ಗ್ ಮೊದಲಾದ ಊರುಗಳಲ್ಲಿ ಕಾದಿದ್ದವರಿಗೆ ಸಲ್ಲುತ್ತಿತ್ತೇ ಹೊರತು, ನದಿಯ ಈಚೆಗೆ ಮ್ಯಾನ್‌ಹಟನ್ನಿನಲ್ಲಿ ಅವರೆಲ್ಲರಿಗಿಂತ ರೋಗ ಉಲ್ಬಣಿಸಿ ಮಲಗಿದ್ದವನ ಸರದಿ ಬರುವುದು ಅಪರೂಪವಾಗಿತ್ತು. ಯಾರೊಬ್ಬರ ದುಷ್ಟತನದಿಂದಲೂ ಹೀಗಾದುದಲ್ಲ. ನಕ್ಷೆಯ ಮೇಲೆ ಎಂದೋ ಎಳೆದ ಗೆರೆಯೊಂದು ಆ ನದಿಯ ನಡುವೆ ಹಾದುಹೋಗಿತ್ತು, ಅಷ್ಟೆ. ಆ ಗೆರೆಯನ್ನು ಅಳಿಸುವುದಕ್ಕೆ ಮಂತ್ರಿಗಳು, ಶಸ್ತ್ರವೈದ್ಯರು, ಗಣಿತಜ್ಞರು, ನ್ಯಾಯಾಧೀಶರು ಎರಡು ದಶಕಗಳಿಗೂ ಮಿಕ್ಕು ಹೆಣಗಬೇಕಾಯಿತು. ಅಳಿಸಿದ ಮೇಲೂ ವ್ಯಾಜ್ಯ ತೀರಲಿಲ್ಲ.

ದಾನ ಮಾಡುವವನು ದೇಶ, ಕಾಲ, ಪಾತ್ರಗಳನ್ನು ವಿವೇಚಿಸಬೇಕೆಂಬುದು ನಮ್ಮಲ್ಲಿ ಬಹು ಹಳೆಯ ಮಾತು. ಎಲ್ಲಿ ಕೊಡುವುದು, ಯಾವಾಗ ಕೊಡುವುದು, ಯಾರಿಗೆ ಕೊಡುವುದು ಎಂಬ ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವನು ದಾತನೇ. ಅವನು ಬದುಕಿರುತ್ತಾನೆ, ಕೊಡತಕ್ಕ ವಸ್ತು ಅವನ ಕೈಯಲ್ಲಿರುತ್ತದೆ, ಕೈಯೊಡ್ಡಿದವನು ಎದುರಿಗಿರುತ್ತಾನೆ. ಇಪ್ಪತ್ತನೆಯ ಶತಮಾನದ ವೈದ್ಯವಿದ್ಯೆಯಾದರೋ ಇವುಗಳಲ್ಲಿ ಒಂದೂ ಇಲ್ಲದ ದಾನವೊಂದನ್ನು ಲೋಕಕ್ಕೆ ತಂದಿತು: ದಾತನು ಸತ್ತಿದ್ದಾನೆ, ವಸ್ತು ಅರ್ಧ ದಿವಸದಲ್ಲಿ ಕೆಡುತ್ತದೆ, ಪ್ರತಿಗ್ರಹಿ ಯಾರೆಂಬುದು ದಾತನ ಹೆಂಡತಿಮಕ್ಕಳಿಗೂ ತಿಳಿಯದು. ಸತ್ತವನ ಪರವಾಗಿ ಆ ಮೂರನ್ನೂ ತೂಗುವ ಭಾರ ಒಂದು ರಾಷ್ಟ್ರದ ಮೇಲೆ ಬಿದ್ದಾಗ, ಆ ರಾಷ್ಟ್ರ ಮೊದಲು ದೇಶವನ್ನು ಹಿಡಿದು, ಆಮೇಲೆ ಕಾಲವನ್ನು ಹಿಡಿದು, ಕೊನೆಗೆ ಪಾತ್ರವೇ ಮುಖ್ಯವೆಂದು ಘೋಷಿಸಿದ ವೃತ್ತಾಂತವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ದೇಶವೆಂಬುದು ಅಷ್ಟು ಸುಲಭವಾಗಿ ಹೊರಟುಹೋಗುವ ಅತಿಥಿಯಲ್ಲವೆಂಬುದು ಕಥೆ ಮುಂದುವರಿದಂತೆ ತಾನೇ ತಿಳಿಯುತ್ತದೆ.

ಪತ್ರಿಕೆಗಳು ಪಿತ್ತಜನಕಾಂಗವೆಂದೂ ಆಸ್ಪತ್ರೆಯ ಮೊಗಸಾಲೆಗಳಲ್ಲಿ ಎಲ್ಲರೂ ಲಿವರ್ ಎಂದೂ ಕರೆಯುವ ಯಕೃತ್ತು, ಮನುಷ್ಯದೇಹದ ಒಳಗಿನ ಅವಯವಗಳಲ್ಲಿ ಅತ್ಯಂತ ದೊಡ್ಡದು. ಮೂತ್ರಪಿಂಡ ಕೆಟ್ಟವನಿಗೆ ಡಯಾಲಿಸಿಸ್ ಯಂತ್ರವಿದೆ. ವಾರಕ್ಕೆ ಮೂರು ಸಲ ಅದರ ಪಕ್ಕದಲ್ಲಿ ಮಲಗೆದ್ದು ವರ್ಷಗಟ್ಟಲೆ ಕಾಯಬಹುದು. ಯಕೃತ್ತು ಕೆಟ್ಟವನಿಗೆ ಅಂತಹ ಆಸರೆಯಿಲ್ಲ. ಅದರ ನೂರಾರು ಕೆಲಸಗಳನ್ನು ದೀರ್ಘಕಾಲ ನಡೆಸಬಲ್ಲ ಯಂತ್ರವನ್ನು ಈವರೆಗೆ ಯಾರೂ ಕಟ್ಟಿಲ್ಲ. ಆದುದರಿಂದ ಯಕೃತ್ತಿಗಾಗಿ ಕಾಯುವವರ ಪಟ್ಟಿಯಲ್ಲಿ ಮೇಲಿರುವುದಕ್ಕೂ ಕೆಳಗಿರುವುದಕ್ಕೂ ನಡುವೆ ಇರುವ ಅಂತರ ಬರಿಯ ತಾಳ್ಮೆಯದಲ್ಲ, ಬದುಕು ಸಾವುಗಳದು.

ಈ ಅವಯವವನ್ನು ಒಬ್ಬರ ಒಡಲಿನಿಂದ ಇನ್ನೊಬ್ಬರ ಒಡಲಿಗೆ ಕಸಿ ಮಾಡುವ ಮೊದಲ ಸಾಹಸ 1963ನೆಯ ಮಾರ್ಚಿ 1ರಂದು ಕೊಲರಾಡೊ ಸಂಸ್ಥಾನದ ಡೆನ್ವರಿನಲ್ಲಿ ನಡೆಯಿತು. ಶಸ್ತ್ರವೈದ್ಯ ಥಾಮಸ್ ಸ್ಟಾರ್ಜಲ್. ರೋಗಿ ಮೂರು ವರ್ಷದ ಹಸುಳೆ. ರಕ್ತ ನಿಲ್ಲಲಿಲ್ಲ; ಮಗು ಮೇಜಿನ ಮೇಲೆಯೇ ತೀರಿಕೊಂಡಿತು. ತರುವಾಯದ ಪ್ರಯತ್ನಗಳೂ ಒಂದೊಂದಾಗಿ ವಿಫಲವಾಗಲು, ಸ್ಟಾರ್ಜಲ್ ತಾವೇ ಕೆಲಕಾಲ ಕತ್ತಿಯನ್ನು ಕೆಳಗಿಟ್ಟು, ಪ್ರಯೋಗಶಾಲೆಗೆ ಹಿಂದಿರುಗಿ, 1967ರಲ್ಲಿ ಮತ್ತೆ ತೊಡಗಿ, ಆ ವರ್ಷ ಒಂದು ಹೆಣ್ಣುಮಗುವನ್ನು ವರ್ಷಕ್ಕೂ ಮೇಲ್ಪಟ್ಟು ಬದುಕಿಸಿದರು. ಮರುವರ್ಷ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ರಾಯ್ ಕಾನ್ ಈ ವಿದ್ಯೆಯನ್ನು ಕೈಗೊಂಡರು. ಪರರ ಅವಯವವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೊಸ್ಪೋರಿನ್ ಎಂಬ ಔಷಧವನ್ನು ಮನುಷ್ಯರ ಮೇಲೆ ಮೊದಲು ಪ್ರಯೋಗಿಸಿದವರೂ ಅವರೇ. ಆ ಔಷಧ ಬಂದ ಮೇಲೆ ಕಸಿಯ ಭಾಗ್ಯವೇ ತಿರುಗಿತು. ಸ್ಟಾರ್ಜಲ್ 1981ರಲ್ಲಿ ಪಿಟ್ಸ್‌ಬರ್ಗಿಗೆ ಹೋದರು, ಅವರ ಹಿಂದೆ ದೇಶದ ಮೂಲೆಮೂಲೆಯ ರೋಗಿಗಳು ಹೋದರು. 1983ರ ಜೂನಿನಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕೂಡಿಸಿದ ಪಂಡಿತಸಭೆಯೊಂದು, ಯಕೃತ್ತಿನ ಕಸಿ ಇನ್ನು ಮೇಲೆ ಪ್ರಯೋಗವಲ್ಲ, ಚಿಕಿತ್ಸೆ ಎಂದು ತೀರ್ಮಾನ ಕೊಟ್ಟಿತು. ಚಿಕಿತ್ಸೆಯಾದೊಡನೆ ಅದು ಕೆಲವರ ಸಾಹಸವಾಗಿ ಉಳಿಯದೆ ಎಲ್ಲರ ಹಕ್ಕಾಯಿತು. ಹಕ್ಕಾದೊಡನೆ ಸಾಲು ಹುಟ್ಟಿತು.

ಸಾಲಿಗೆ ಇನ್ನೂ ಕಟ್ಟಳೆಯಿರಲಿಲ್ಲ. ಅದರ ಹಿಂದಿನ ವರ್ಷವಷ್ಟೆ, ಹನ್ನೊಂದು ತಿಂಗಳ ಮಗಳ ಪ್ರಾಣ ಹೋಗುವುದನ್ನು ನೋಡಲಾರದ ತಂದೆಯೊಬ್ಬನು ನ್ಯೂಯಾರ್ಕಿನಲ್ಲಿ ನೆರೆದಿದ್ದ ಮಕ್ಕಳ ವೈದ್ಯರ ಮಹಾಸಭೆಯಲ್ಲಿ ಎದ್ದು ನಿಂತು, ನಿಮ್ಮ ಆಸ್ಪತ್ರೆಗಳಲ್ಲಿ ಎಲ್ಲಾದರೂ ಮಗುವೊಂದರ ಯಕೃತ್ತು ಸಿಕ್ಕೀತೇ ಎಂದು ಅಂಗಲಾಚಿದ್ದನು. ದೂರದರ್ಶನದವರು ಅದನ್ನು ದೇಶಕ್ಕೆಲ್ಲ ತೋರಿಸಿದರು. ದೂರದ ಯೂಟಾ ಸಂಸ್ಥಾನದಿಂದ ಯಕೃತ್ತು ಬಂದಿತು, ಮಿನೆಸೋಟದಲ್ಲಿ ಕಸಿಯಾಯಿತು, ಮಗು ಉಳಿಯಿತು. ಕೇಳಿದವರಿಗೆಲ್ಲ ಸಂತೋಷವಾಯಿತು. ಆದರೆ ಸಭೆಯಲ್ಲಿ ಎದ್ದು ನಿಂತು ಮಾತಾಡುವ ಧೈರ್ಯವಾಗಲಿ ಅಲ್ಲಿಗೆ ಹೋಗುವ ದಾರಿಯಾಗಲಿ ಇಲ್ಲದ ತಂದೆಯ ಮಗಳ ಗತಿ ಏನೆಂಬ ಪ್ರಶ್ನೆಯೂ ಅದರೊಡನೆಯೇ ಎದ್ದಿತು. ಇನ್ನೊಂದು ಕಡೆ, ಬಡವರಿಂದ ಮೂತ್ರಪಿಂಡಗಳನ್ನು ಕ್ರಯಕ್ಕೆ ಕೊಂಡು ಮಾರುವ ದಲ್ಲಾಳಿ ವ್ಯಾಪಾರಕ್ಕೆ ವರ್ಜೀನಿಯದ ವೈದ್ಯನೊಬ್ಬ ಬಹಿರಂಗವಾಗಿಯೇ ಸಿದ್ಧತೆ ನಡೆಸಿದ್ದನು. ಈ ಎರಡರ ನಡುವೆ ಕಾಂಗ್ರೆಸ್ಸು ಎಚ್ಚೆತ್ತಿತು. ಆಗ ಪ್ರತಿನಿಧಿಸಭೆಯ ತರುಣ ಸದಸ್ಯರಾಗಿದ್ದ ಆಲ್ ಗೋರ್ ವಿಚಾರಣೆಗಳನ್ನು ನಡೆಸಿದರು. ಸೆನೆಟ್ಟಿನಲ್ಲಿ ಆರಿನ್ ಹ್ಯಾಚ್ ಬೆಂಬಲಿಸಿದರು. 1984ರ ಅಕ್ಟೋಬರ್ 19ರಂದು ಅಧ್ಯಕ್ಷ ರೇಗನ್ ರಾಷ್ಟ್ರೀಯ ಅಂಗಾಂಗ ಕಸಿ ಕಾನೂನಿಗೆ ಸಹಿ ಹಾಕಿದರು. ಅವಯವಗಳ ಕ್ರಯವಿಕ್ರಯ ಅಪರಾಧವಾಯಿತು. ಇಡೀ ದೇಶಕ್ಕೆ ಒಂದೇ ಪಟ್ಟಿ, ಒಂದೇ ಜಾಲ ಎಂಬುದು ಶಾಸನವಾಯಿತು. ಜಾಲವನ್ನು ನಡೆಸುವ ಗುತ್ತಿಗೆ 1986ರಲ್ಲಿ ವರ್ಜೀನಿಯದ ರಿಚ್ಮಂಡ್ ನಗರದ ಯುನಾಸ್ ಎಂಬ ಖಾಸಗಿ ಸಂಸ್ಥೆಗೆ ದೊರೆಯಿತು. ಮುಂದೆ ಸುಮಾರು ನಾಲ್ಕು ದಶಕಗಳ ಕಾಲ ಅದು ಬೇರೆ ಯಾರ ಕೈಗೂ ಹೋಗಲಿಲ್ಲ.

ಪಟ್ಟಿ ಒಂದೇ ಆದರೂ ಹಂಚಿಕೆ ಒಂದೇ ಆಗಿರಲಿಲ್ಲ. ದೇಶದಲ್ಲಿ ಅವಯವಗಳನ್ನು ಸಂಗ್ರಹಿಸುವ ಸುಮಾರು 58 ಸಂಸ್ಥೆಗಳಿದ್ದವು, ಒಂದೊಂದಕ್ಕೂ ತನ್ನದೆಂಬ ಸೀಮೆಯಿತ್ತು. ಆ ಸೀಮೆಗಳನ್ನು 11 ಪ್ರಾಂತಗಳಾಗಿ ಕೂಡಿಸಿದ್ದರು. ಯಕೃತ್ತು ದೊರೆತರೆ ಮೊದಲು ಸೀಮೆಯೊಳಗೆ, ಮಿಕ್ಕರೆ ಪ್ರಾಂತದೊಳಗೆ, ಅಲ್ಲಿಯೂ ಮಿಕ್ಕರೆ ರಾಷ್ಟ್ರಕ್ಕೆ, ಇದೇ ನಿಯಮ. ಸೀಮೆಗಳ ಆಕಾರವಾದರೋ ಯಾವ ನ್ಯಾಯವನ್ನೂ ಅನುಸರಿಸಿದ್ದಲ್ಲ. ಯಾವ ಆಸ್ಪತ್ರೆ ಯಾವ ಆಸ್ಪತ್ರೆಯೊಡನೆ ಎಂದೋ ಒಪ್ಪಂದ ಮಾಡಿಕೊಂಡಿತ್ತು, ಯಾವ ಶಸ್ತ್ರವೈದ್ಯನಿಗೆ ಯಾವ ಊರಿನಲ್ಲಿ ಪರಿಚಯವಿತ್ತು ಎಂಬುದರ ಮೇಲೆ ಬೆಳೆದವು ಅವು. ನಮ್ಮ ಹಳೆಯ ಸಂಸ್ಥಾನಗಳ ಗಡಿಗಳಂತೆ ಒಂದರೊಳಗೆ ಒಂದು ತುಂಡು, ಇನ್ನೊಂದರ ಆಚೆ ಮತ್ತೊಂದು ತುಂಡು. ಲಾಸ್ ಏಂಜಲಿಸ್ ಸುತ್ತಣ ಸೀಮೆಯಲ್ಲಿ ಸುಮಾರು ಎರಡು ಕೋಟಿ ಜನ. ಬೇರೆ ಕೆಲವು ಸೀಮೆಗಳಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ.

ಈ ನಿಯಮಕ್ಕೆ ಆಗ ಒಂದು ಬಲವಾದ ಸಮರ್ಥನೆಯಿತ್ತೆಂಬುದನ್ನು ಮರೆಯಬಾರದು. ದೇಹದಿಂದ ತೆಗೆದ ಯಕೃತ್ತನ್ನು ಮಂಜುಗಡ್ಡೆಯಲ್ಲಿಟ್ಟು ಕಾಪಾಡಬಹುದಾಗಿದ್ದುದು ಕೆಲವೇ ತಾಸು. ದೂರಕ್ಕೆ ಕಳುಹಿಸುವುದೆಂದರೆ ಕೆಡಿಸುವುದೆಂದೇ ಅರ್ಥ. ಈ ಕಟ್ಟನ್ನು ಬಿಡಿಸಿದವರು ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದ ವಿಶ್ವವಿದ್ಯಾಲಯದಲ್ಲಿದ್ದ ಫೋಕರ್ಟ್ ಬೆಲ್ಜರ್ ಎಂಬ ಶಸ್ತ್ರವೈದ್ಯರೂ ಅವರ ಸಹೋದ್ಯೋಗಿಗಳೂ. 1980ರ ದಶಕದ ಕೊನೆಯಲ್ಲಿ ಅವರು ಸಿದ್ಧಪಡಿಸಿದ, ವಿಸ್ಕಾನ್ಸಿನ್ ದ್ರಾವಣವೆಂದೇ ಹೆಸರಾದ ಶೀತದ್ರವದಲ್ಲಿ ಯಕೃತ್ತು ಹನ್ನೆರಡು ತಾಸಿಗೂ ಮಿಕ್ಕು ಬಾಳಬಲ್ಲುದಾಯಿತು. ಅವಯವಕ್ಕೆ ಈಗ ವಿಮಾನವೇರಿ ಸಾವಿರ ಕಿಲೋಮೀಟರು ಹೋಗುವ ಶಕ್ತಿ ಬಂದಿತು. ನಕ್ಷೆಯ ಗೆರೆಗಳು ಮಾತ್ರ ಮಂಜುಗಡ್ಡೆಯ ಕಾಲದವೇ ಉಳಿದವು. ಅವಯವಗಳು ಊರು ಬಿಟ್ಟು ಹೋಗಕೂಡದೆಂದು ಹತ್ತು ವರ್ಷಗಳ ತರುವಾಯ ಕಟುವಾಗಿ ವಾದಿಸಿದ ಸಂಸ್ಥಾನಗಳಲ್ಲಿ ಇದೇ ವಿಸ್ಕಾನ್ಸಿನ್ ಮುಂಚೂಣಿಯಲ್ಲಿತ್ತು. ಇತಿಹಾಸಕ್ಕೆ ಇಂತಹ ಪರಿಹಾಸಗಳಲ್ಲಿ ಆಸಕ್ತಿ ಹೆಚ್ಚೆಂದು ತೋರುತ್ತದೆ.

ಆ ಕಾಲದಲ್ಲಿ ಕಸಿ ಮಾಡುವ ಆಸ್ಪತ್ರೆಗಳು ಬೆರಳೆಣಿಕೆಯಿಂದ ನೂರಕ್ಕೂ ಮೇಲೇರಿದವು. ಪ್ರತಿಯೊಂದಕ್ಕೂ ತನ್ನ ಸುತ್ತಣ ಅವಯವಗಳೇ ಆಧಾರ. ಒಂದು ಕಾಲಕ್ಕೆ ದೇಶದ ಯಕೃತ್ತುಗಳನ್ನೆಲ್ಲ ಸೆಳೆಯುತ್ತಿದ್ದ ಪಿಟ್ಸ್‌ಬರ್ಗಿನಂತಹ ಹಿರಿಯ ಕೇಂದ್ರಗಳಲ್ಲಿ ಅತ್ಯಂತ ಜರ್ಜರಿತರಾದ ರೋಗಿಗಳು ಕಾಯುತ್ತಾ ಸಾಯುತ್ತಿರುವಾಗ, ಸಣ್ಣ ಕೇಂದ್ರಗಳಲ್ಲಿ ಇನ್ನೂ ನಡೆದಾಡುತ್ತಿದ್ದವರಿಗೆ ಕಸಿಯಾಗುತ್ತಿತ್ತು. ಹಿರಿಯ ಕೇಂದ್ರಗಳು ನ್ಯಾಯವೆಂದು ಕೂಗಿದುದರಲ್ಲಿ ನ್ಯಾಯವೂ ಇತ್ತು, ವ್ಯಾಪಾರವೂ ಇತ್ತು. ಸಣ್ಣ ಕೇಂದ್ರಗಳು ಊರವರ ಹಿತವೆಂದು ಕೂಗಿದುದರಲ್ಲಿಯೂ ಹಾಗೆಯೇ.

1995ರ ಜೂನಿನಲ್ಲಿ ಈ ಒಳಜಗಳ ಬೀದಿಗೆ ಬಿದ್ದಿತು. ಬೇಸ್‌ಬಾಲ್ ಆಟದಲ್ಲಿ ದೇಶಕ್ಕೆಲ್ಲ ಆರಾಧ್ಯನಾಗಿದ್ದ ಮಿಕ್ಕಿ ಮ್ಯಾಂಟಲ್, ಕುಡಿತದಿಂದಲೂ ಹೆಪಟೈಟಿಸ್ಸಿನಿಂದಲೂ ಅರ್ಬುದದಿಂದಲೂ ಯಕೃತ್ತನ್ನು ಕಳೆದುಕೊಂಡು, ಡಲ್ಲಾಸಿನ ಆಸ್ಪತ್ರೆಯಲ್ಲಿ ಪಟ್ಟಿಗೆ ಸೇರಿದ ಎರಡು ದಿನಗಳಲ್ಲಿಯೇ ಹೊಸ ಯಕೃತ್ತನ್ನು ಪಡೆದನು. ಕೀರ್ತಿವಂತನಿಗೆ ಹಿಂಬಾಗಿಲು ತೆರೆಯಿತೆಂದು ಜನ ಹುಯಿಲಿಟ್ಟರು. ವಸ್ತುತಃ ನಿಯಮದಲ್ಲಿ ಲೋಪವೇನೂ ನಡೆದಿರಲಿಲ್ಲ. ಡಲ್ಲಾಸಿನ ಸುತ್ತ ಅಷ್ಟು ಕಾಹಿಲೆ ಬಲಿತವನು ಕಾಯಬೇಕಾಗಿದ್ದ ಅವಧಿಯೇ ಅಷ್ಟು ಚಿಕ್ಕದು. ಆದರೆ ಆ ಸಮಾಧಾನ ಆರೋಪಕ್ಕಿಂತಲೂ ಕಳವಳಕಾರಿಯಾದುದು: ಮ್ಯಾಂಟಲನಿಗೆ ದೊರೆತುದು ಕೀರ್ತಿಯಿಂದಲ್ಲ, ಊರಿನಿಂದ! ಅವನು ಆ ಆಗಸ್ಟಿನಲ್ಲಿಯೇ ತೀರಿಕೊಂಡನು.

ಅಂದಿನ ಕ್ರಮದಲ್ಲಿ ದೇಶದ ತರುವಾಯ ಗಣನೆಗೆ ಬರುತ್ತಿದ್ದುದು ಕಾಲ. ರೋಗಿಗಳನ್ನು ಮೂರು ನಾಲ್ಕು ಸ್ಥೂಲವಾದ ದರ್ಜೆಗಳಾಗಿ ವಿಂಗಡಿಸಿ, ಒಂದೊಂದು ದರ್ಜೆಯೊಳಗೆ ಮೊದಲು ಬಂದವನಿಗೆ ಮೊದಲು ಎಂದು ನಡೆಸುತ್ತಿದ್ದರು. ರೇಷನ್ ಅಂಗಡಿಯ ಮುಂದೆ ಇದು ನ್ಯಾಯವಾಗಿ ಕಾಣಬಹುದು. ಆದರೆ ಬಲ್ಲ ವೈದ್ಯನಿರುವ ರೋಗಿ ಇನ್ನೂ ಗಟ್ಟಿಯಾಗಿರುವಾಗಲೇ ಪಟ್ಟಿಯಲ್ಲಿ ಹೆಸರು ಬರೆಸಿ ದಿನಗಳನ್ನು ಕೂಡಿಹಾಕಿಕೊಳ್ಳುತ್ತಿದ್ದನು. ತಡವಾಗಿ ಪಟ್ಟಣಕ್ಕೆ ಬಂದವನು, ಬರುವಷ್ಟರಲ್ಲಿಯೇ ಅರ್ಧ ಸತ್ತವನು, ಕೊನೆಯವನಾಗುತ್ತಿದ್ದನು. ದರ್ಜೆ ಏರುವುದಕ್ಕೆ ತೀವ್ರನಿಗಾ ಘಟಕದಲ್ಲಿ ಮಲಗಿರಬೇಕೆಂಬ ನಿಯಮವಿದ್ದುದರಿಂದ, ಅಗತ್ಯವಿಲ್ಲದವರನ್ನೂ ಅಲ್ಲಿ ಮಲಗಿಸುವ ಆಸ್ಪತ್ರೆಗಳಿದ್ದವು. ಚಿಕಾಗೊ ನಗರದ ಕೆಲವು ಆಸ್ಪತ್ರೆಗಳ ಮೇಲೆ 2003ರಲ್ಲಿ ಕೇಂದ್ರ ಸರಕಾರ ಇದೇ ಆಪಾದನೆಯ ಮೇಲೆ ದಾವೆ ಹೂಡಿತು, ಆಸ್ಪತ್ರೆಗಳು ಹಣ ತೆತ್ತು ರಾಜಿ ಮಾಡಿಕೊಂಡವು.

1998ರ ಏಪ್ರಿಲ್ 2ರಂದು ಆರೋಗ್ಯ ಇಲಾಖೆಯ ಕಾರ್ಯದರ್ಶಿಣಿ ಡಾನಾ ಶಲೇಲಾ ಒಂದು ನಿಯಮಾವಳಿಯನ್ನು ಪ್ರಕಟಿಸಿದರು. ಅವಯವಗಳ ಹಂಚಿಕೆ ರೋಗದ ತೀವ್ರತೆಯನ್ನು ಅನುಸರಿಸಬೇಕು, ರೋಗಿಯ ವಾಸಸ್ಥಳವನ್ನಾಗಲಿ ಹೆಸರು ನಮೂದಿಸಿದ ಸ್ಥಳವನ್ನಾಗಲಿ ಅಗತ್ಯಕ್ಕೆ ಮೀರಿ ಅವಲಂಬಿಸಕೂಡದು ಎಂಬುದು ಅದರ ಸಾರ. ಇಷ್ಟು ಸರಳವಾದ ವಾಕ್ಯ ಎಬ್ಬಿಸಿದ ಬಿರುಗಾಳಿಯನ್ನು ಈಗ ಊಹಿಸುವುದೂ ಕಷ್ಟ. ಹಲವು ಸಂಸ್ಥಾನಗಳ ಶಾಸನಸಭೆಗಳು, ನಮ್ಮಲ್ಲಿ ದಾನವಾದ ಅವಯವ ನಮ್ಮವರಿಗೇ ಮೊದಲು ಎಂದು ಅವಸರದಿಂದ ಕಾನೂನುಗಳನ್ನು ಮಾಡಿದವು. ಲೂಸಿಯಾನ, ವಿಸ್ಕಾನ್ಸಿನ್, ದಕ್ಷಿಣ ಕೆರೊಲಿನಗಳು ಅವುಗಳಲ್ಲಿ ಸೇರಿದ್ದವು. ವಿಸ್ಕಾನ್ಸಿನ್ನಿನ ಗವರ್ನರ್ ಟಾಮಿ ಥಾಮ್ಸನ್ ಈ ನಿಯಮದ ಪ್ರಬಲ ವಿರೋಧಿಗಳಲ್ಲಿ ಒಬ್ಬರು. ತಮ್ಮ ಜನ ಉದಾರವಾಗಿ ದಾನ ಮಾಡುತ್ತಾರೆ, ಬೇರೆಯವರ ಆಲಸ್ಯಕ್ಕೆ ತಮ್ಮವರು ದಂಡ ತೆರಬೇಕೇ ಎಂಬುದು ಆ ಪಕ್ಷದ ವಾದ. ವಿಧಿಯಾಟ ನೋಡಿ: 2001ರಲ್ಲಿ ಶಲೇಲಾ ಎದ್ದ ಕುರ್ಚಿಯಲ್ಲಿಯೇ ಥಾಮ್ಸನ್ ಬಂದು ಕುಳಿತರು.

ಅಷ್ಟರಲ್ಲಿ ಕಾಂಗ್ರೆಸ್ಸು ನಿಯಮವನ್ನು ಒಂದು ವರ್ಷ ತಡೆಹಿಡಿದು, ವೈದ್ಯಕೀಯ ಸಂಸ್ಥೆಯೆಂಬ ವಿದ್ವತ್ಪರಿಷತ್ತಿನಿಂದ ವರದಿ ಕೇಳಿತ್ತು. 1999ರ ಜುಲೈಯಲ್ಲಿ ಬಂದ ಆ ವರದಿ ಸಾವಿರಾರು ರೋಗಿಗಳ ದಾಖಲೆಗಳನ್ನು ಶೋಧಿಸಿ ಎರಡು ಮಾತು ಹೇಳಿತು. ರೋಗ ಅಷ್ಟಾಗಿ ಬಲಿಯದವರ ವಿಷಯದಲ್ಲಿ ಎಷ್ಟು ಕಾಲ ಕಾದರೆಂಬುದು ನ್ಯಾಯದ ಅಳತೆಗೋಲೇ ಅಲ್ಲ. ಮತ್ತು ಯಕೃತ್ತಿನ ಹಂಚಿಕೆಯ ಸೀಮೆಯಲ್ಲಿ ಕಡಮೆಯೆಂದರೂ 90 ಲಕ್ಷ ಜನರಿರಬೇಕು. ಮೊದಲನೆಯದನ್ನು ಎಲ್ಲರೂ ಒಪ್ಪಿದರು. ಎರಡನೆಯದನ್ನು ಎಲ್ಲರೂ ಓದಿದರು. ತಿದ್ದಿದ ನಿಯಮಾವಳಿ 2000ದ ಮಾರ್ಚಿಯಲ್ಲಿ ಜಾರಿಗೆ ಬಂದಿತು.

ಕಾಲವನ್ನು ಕೆಳಗಿಳಿಸಿ ಪಾತ್ರವನ್ನು ಮೇಲೇರಿಸುವ ಸಾಧನ ಅದಾಗಲೇ ಮಿನೆಸೋಟದ ಮೇಯೊ ಕ್ಲಿನಿಕ್ಕಿನಲ್ಲಿ ಸಿದ್ಧವಾಗಿತ್ತು. ಯಕೃತ್ತಿನ ರಕ್ತನಾಳಗಳಿಗೆ ಮಾಡುವ ಒಂದು ಬೇರೆಯೇ ಚಿಕಿತ್ಸೆಯ ತರುವಾಯ ಯಾರು ಉಳಿದಾರು, ಯಾರು ಅಳಿದಾರು ಎಂದು ಮುಂಗಾಣುವುದಕ್ಕಾಗಿ ಅಲ್ಲಿ ಒಂದು ಸೂತ್ರವನ್ನು ರಚಿಸಿದ್ದರು; ಯಕೃತ್ತಿನ ಎಲ್ಲ ದೀರ್ಘರೋಗಗಳಲ್ಲಿಯೂ ಅದು ಮೂರು ತಿಂಗಳೊಳಗಿನ ಮರಣವನ್ನು ಬಹುಮಟ್ಟಿಗೆ ಸರಿಯಾಗಿ ಸೂಚಿಸುವುದೆಂದು 2001ರಲ್ಲಿ ತೋರಿಸಿದ ಪ್ರಬಂಧದ ಮೊದಲ ಲೇಖಕರು ಪ್ಯಾಟ್ರಿಕ್ ಕಾಮತ್. ಕಾಮತ್ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಕರಾವಳಿಯ ಓದುಗರ ಕಿವಿ ನಿಮಿರುವುದು ಸಹಜ. ಮೂರೇ ರಕ್ತಪರೀಕ್ಷೆಗಳು: ಕಾಮಾಲೆಯ ಹಳದಿಯನ್ನು ಅಳೆಯುವ ಬಿಲಿರುಬಿನ್, ಮೂತ್ರಪಿಂಡದ ಸ್ಥಿತಿಯನ್ನು ಹೇಳುವ ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವ ವೇಗ. ಇವುಗಳನ್ನು ಸೂತ್ರಕ್ಕೆ ಹಾಕಿದರೆ 6ರಿಂದ 40ರವರೆಗೆ ಒಂದು ಅಂಕ ಬರುತ್ತಿತ್ತು. ಹೆಚ್ಚು ಅಂಕದವನು ಹೆಚ್ಚು ಸಾವಿನ ಸಮೀಪದವನು. ಮೆಲ್ಡ್ ಎಂದು ಹೆಸರಾದ ಈ ಅಂಕ 2002ರ ಫೆಬ್ರವರಿ 27ರಂದು ರಾಷ್ಟ್ರದ ಪಟ್ಟಿಗೆ ಒಡೆಯನಾಯಿತು. ಯಾವ ವೈದ್ಯನ ದಾಕ್ಷಿಣ್ಯವೂ ಇಲ್ಲ, ಮಂಚ ಯಾವ ಕೋಣೆಯಲ್ಲಿದೆಯೆಂಬ ವಿಚಾರವೂ ಇಲ್ಲ. ರಕ್ತ ತನ್ನ ಸಾಕ್ಷ್ಯವನ್ನು ತಾನೇ ನುಡಿಯುತ್ತದೆ. ಅದು ನಿಜವಾಗಿ ದೊಡ್ಡ ಸುಧಾರಣೆ. ಕಾಯುತ್ತಾ ಸಾಯುವವರ ಪ್ರಮಾಣ ಇಳಿಯಿತು. ಆದರೆ ಅಳತೆಗೋಲಿನಲ್ಲಿಯೂ ಓರೆಯಿತ್ತೆನ್ನುವುದನ್ನು ಹೇಳಿಬಿಡಬೇಕು. ಕ್ರಿಯಾಟಿನಿನ್ ಮಾಂಸಖಂಡಗಳಿಂದ ಹುಟ್ಟುವಂಥದಾದುದರಿಂದ, ಅಷ್ಟೇ ರೋಗವಿದ್ದರೂ ಹೆಂಗಸರಿಗೆ ಗಂಡಸರಿಗಿಂತ ಕಡಮೆ ಅಂಕ ಬರುತ್ತಿತ್ತು. ಇದನ್ನು ತಿದ್ದಿದ ಹೊಸ ಸೂತ್ರ ಜಾರಿಗೆ ಬಂದುದು 2023ರಲ್ಲಿ, ಇಪ್ಪತ್ತೊಂದು ವರ್ಷಗಳ ಮೇಲೆ.

ಅಂಕ ರಾಷ್ಟ್ರೀಯವಾಯಿತು, ಸೀಮೆ ಸ್ಥಳೀಯವಾಗಿಯೇ ಉಳಿಯಿತು. ಹೀಗಾಗಿ ಹಿಂದೆ ಊಹೆಯಾಗಿದ್ದ ಅನ್ಯಾಯ ಈಗ ಅಂಕಿಗಳಲ್ಲಿ ಅಳೆಯುವಂತಾಯಿತು. ಆಗ್ನೇಯದಲ್ಲಿಯೂ ಇಂಡಿಯಾನದಂತಹ ಮಧ್ಯಸೀಮೆಗಳಲ್ಲಿಯೂ ಇಪ್ಪತ್ತರ ಆಸುಪಾಸಿನ ಅಂಕದವನಿಗೆ ಯಕೃತ್ತು ಸಿಕ್ಕುತ್ತಿದ್ದರೆ, ನ್ಯೂಯಾರ್ಕಿನಲ್ಲಿಯೂ ಕ್ಯಾಲಿಫೋರ್ನಿಯದಲ್ಲಿಯೂ ಮೂವತ್ತನ್ನು ಮೀರಿ, ಪ್ರಜ್ಞೆ ತಪ್ಪುವ ಹಂತಕ್ಕೆ ಬಂದವನಿಗೂ ಖಾತರಿಯಿರಲಿಲ್ಲ. ಬಲ್ಲವರು ಇದಕ್ಕೆ ಒಂದು ಉಪಾಯ ಕಂಡುಕೊಂಡರು. ಒಬ್ಬನು ಎರಡು ಮೂರು ಸೀಮೆಗಳಲ್ಲಿ ಹೆಸರು ಬರೆಸುವುದನ್ನು ನಿಯಮ ತಡೆದಿರಲಿಲ್ಲ. ಕರೆ ಬಂದ ಕೆಲವು ತಾಸುಗಳಲ್ಲಿ ಅಲ್ಲಿ ಹಾಜರಾದರೆ ಸಾಕು. ಕ್ಯಾಲಿಫೋರ್ನಿಯದ ನಿವಾಸಿ ಸ್ಟೀವ್ ಜಾಬ್ಸ್ 2009ರಲ್ಲಿ ಯಕೃತ್ತನ್ನು ಪಡೆದುದು ಟೆನೆಸಿಯ ಮೆಂಫಿಸ್ ನಗರದಲ್ಲಿ. ಅಲ್ಲಿಯೂ ಯಾವ ನಿಯಮವೂ ಮುರಿದಿರಲಿಲ್ಲ. ಸ್ವಂತ ವಿಮಾನವಿದ್ದವನಿಗೆ ದೇಶವೆಂಬುದು ತೊಡಕಾಗಿರಲಿಲ್ಲ, ಅಷ್ಟೆ.

2010ರ ದಶಕದಲ್ಲಿ ಗಣಿತಜ್ಞೆ ಸಾಮರ್ ಜೆಂಟ್ರಿ, ಶಸ್ತ್ರವೈದ್ಯ ಡೋರಿ ಸೆಗೆವ್ ಮೊದಲಾದವರು, ಚುನಾವಣಾ ಕ್ಷೇತ್ರಗಳನ್ನು ವಿಂಗಡಿಸುವ ಗಣಿತವನ್ನು ಈ ನಕ್ಷೆಗೆ ಅನ್ವಯಿಸಿ, 11 ಪ್ರಾಂತಗಳ ಬದಲು 8 ಅಥವಾ 4 ಜಿಲ್ಲೆಗಳನ್ನು ಮಾಡಿದರೆ ವೈಷಮ್ಯ ಬಹಳವಾಗಿ ತಗ್ಗುವುದೆಂದು ತೋರಿಸಿದರು. 2014ರಲ್ಲಿ ಅದು ಸಾರ್ವಜನಿಕ ಚರ್ಚೆಗೆ ಬಂದೊಡನೆ ದಕ್ಷಿಣದವರೂ ಮಧ್ಯದೇಶದವರೂ ಎದ್ದು ನಿಂತರು. ಅವರ ವಾದವನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕುವವರು ಅದನ್ನು ಪೂರ್ತಿ ಕೇಳಿದವರಲ್ಲ. ನಮ್ಮಲ್ಲಿ ಅವಯವಗಳು ಹೆಚ್ಚಾಗಿ ದೊರೆಯುವುದೇಕೆ? ನಮ್ಮ ಜನ ಪಾರ್ಶ್ವವಾಯುವಿನಿಂದಲೂ ಅಪಘಾತಗಳಿಂದಲೂ ಹೆಚ್ಚಾಗಿ, ಎಳೆ ವಯಸ್ಸಿನಲ್ಲಿಯೇ ಸಾಯುತ್ತಾರೆ. ದುಃಖದಲ್ಲಿಯೂ ಉದಾರವಾಗಿ ಒಪ್ಪುತ್ತಾರೆ. ನಮ್ಮ ಪಟ್ಟಿಯ ಅಂಕಗಳು ಕಡಮೆಯಾಗಿ ಕಾಣುವುದೇಕೆ? ಅತ್ಯಂತ ಕಾಹಿಲೆಯವರು ಪಟ್ಟಿಯನ್ನೇ ಮುಟ್ಟದೆ ಹಳ್ಳಿಗಳಲ್ಲಿ ಸತ್ತುಹೋಗಿರುತ್ತಾರೆ. ಕಸಿಯ ಪಟ್ಟಿಯಲ್ಲಿ ಹೆಸರು ಬರೆಯುವ ಮುನ್ನ ಆಸ್ಪತ್ರೆ ಕೇಳುವುದೇನು? ವಿಮೆಯಿದೆಯೇ, ಮುಂದೆ ಬದುಕಿನುದ್ದಕ್ಕೂ ಔಷಧ ಕೊಳ್ಳುವ ಶಕ್ತಿಯಿದೆಯೇ, ನೋಡಿಕೊಳ್ಳುವವರಿದ್ದಾರೆಯೇ, ವಾರವಾರ ಬಂದುಹೋಗಲು ವಾಹನವಿದೆಯೇ ಎಂದು. ಬಡವರ ಸರಕಾರಿ ವಿಮೆಯನ್ನು ವಿಸ್ತರಿಸಲು 2010ರ ಆರೋಗ್ಯ ಕಾನೂನು ಅವಕಾಶ ಕೊಟ್ಟರೂ ಅಲಬಾಮ, ಮಿಸಿಸಿಪ್ಪಿ, ಜಾರ್ಜಿಯ, ಟೆನೆಸಿಗಳು ಒಲ್ಲೆವೆಂದಿದ್ದವು. ಅದು ಆ ಸಂಸ್ಥಾನಗಳ ನಾಯಕರ ತಪ್ಪೇ ಹೊರತು ಬಡವರದಲ್ಲ. ವಿಮೆಯಿಲ್ಲದವನು ಸತ್ತಾಗ ಅವನ ಯಕೃತ್ತನ್ನು ತೆಗೆದುಕೊಳ್ಳಲು ಯಾರೂ ವಿಮೆ ಕೇಳುವುದಿಲ್ಲ.

ಉತ್ತರದವರ ಉತ್ತರವೂ ಹಗುರವಾದುದಲ್ಲ: ಅವಯವ ರಾಷ್ಟ್ರದ ಸ್ವತ್ತು, ಪಟ್ಟಿಯ ಹೊರಗಿನ ಅನ್ಯಾಯಕ್ಕೆ ಪಟ್ಟಿಯೊಳಗಿನವನನ್ನು ಸಾಯಿಸುವುದು ಯಾವ ಪರಿಹಾರ? ಇಬ್ಬರ ಮಾತೂ ನಿಜವಾಗಿದ್ದುದರಿಂದಲೇ ವ್ಯಾಜ್ಯ ಬಗೆಹರಿಯಲಿಲ್ಲ. ಮೂರು ವರ್ಷಗಳ ವಾಗ್ವಾದದ ತರುವಾಯ 2017ರ ಡಿಸೆಂಬರಿನಲ್ಲಿ ಒಂದು ಅರೆಬರೆ ರಾಜಿ ಸಿದ್ಧವಾಯಿತು. ಜಾರಿಗೆ ಬರುವ ಮೊದಲೇ ಅದು ಮುಳುಗಿತು.

ಅದನ್ನು ಮುಳುಗಿಸಿದುದು ಯಕೃತ್ತಲ್ಲ, ಶ್ವಾಸಕೋಶ. 2017ರ ನವೆಂಬರಿನಲ್ಲಿ ಮ್ಯಾನ್‌ಹಟನ್ನಿನ ಆಸ್ಪತ್ರೆಯಲ್ಲಿ ಸಾಯುತ್ತಿದ್ದ ಯುವತಿಯೊಬ್ಬಳ ಪರವಾಗಿ ವಕೀಲರು ಕೇಂದ್ರ ನ್ಯಾಯಾಲಯಕ್ಕೆ ಹೋಗಿ, ನದಿಯಾಚೆಯ ಶ್ವಾಸಕೋಶ ಅವಳಿಗೆ ಬಾರದಂತೆ ತಡೆದಿರುವುದು ಯಾವ ವೈದ್ಯಶಾಸ್ತ್ರ ಎಂದು ಕೇಳಿದರು. ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ. ಒಂದೇ ವಾರದೊಳಗೆ ಶ್ವಾಸಕೋಶದ ಸೀಮೆಗಳೆಲ್ಲ ರದ್ದಾಗಿ, ದಾತನ ಆಸ್ಪತ್ರೆಯ ಸುತ್ತ 250 ನಾಟಿಕಲ್ ಮೈಲಿಯ ವೃತ್ತ ಬಂದಿತು. ದಶಕಗಳ ಸಮಿತಿಗಳು ಮಾಡಲಾರದುದನ್ನು ಒಂದು ಅರ್ಜಿ ಐದಾರು ದಿನಗಳಲ್ಲಿ ಮಾಡಿತು. 2018ರ ಜುಲೈಯಲ್ಲಿ ಆರು ಮಂದಿ ಯಕೃತ್ತಿನ ರೋಗಿಗಳು ಅದೇ ಹಾದಿ ಹಿಡಿದರು. ಸರಕಾರ ವಾದಿಸಲು ಮನಸ್ಸು ಮಾಡದೆ ನಿಯಮ ತಿದ್ದುವಂತೆ ಆಜ್ಞಾಪಿಸಿತು. ಡಿಸೆಂಬರಿನಲ್ಲಿ ಯುನಾಸ್ ಮಂಡಳಿ ವೃತ್ತಗಳ ನಿಯಮವನ್ನು ಅಂಗೀಕರಿಸಿತು. ದಾತನ ಆಸ್ಪತ್ರೆಯನ್ನು ಕೇಂದ್ರವಾಗಿಟ್ಟು 150, 250, 500 ನಾಟಿಕಲ್ ಮೈಲಿಗಳ, ಎಂದರೆ ಸುಮಾರು 278, 463, 926 ಕಿಲೋಮೀಟರುಗಳ ಮೂರು ವೃತ್ತಗಳು. ಅತ್ಯುಚ್ಚ ಅಂಕದವರಿಗಾಗಿ ಒಳವೃತ್ತದಿಂದ ಹೊರವೃತ್ತದವರೆಗೆ ಹುಡುಕಿ, ಯಾರೂ ಇಲ್ಲದಿದ್ದರೆ ಅದಕ್ಕೆ ಕೆಳಗಿನ ಅಂಕದವರಿಗಾಗಿ ಮತ್ತೆ ಒಳಗಿನಿಂದ ಹೊರಗೆ.

ಇದು 2019ರ ಮೇ 14ರಂದು ಜಾರಿಗೆ ಬಂದಿತು. ಕೆಲವೇ ದಿನಗಳಲ್ಲಿ ನಿಂತಿತು. ಜಾರ್ಜಿಯ, ಕ್ಯಾನ್ಸಸ್, ಇಂಡಿಯಾನ, ಮಿಷಿಗನ್ ಮೊದಲಾದೆಡೆಗಳ ಹತ್ತಾರು ಆಸ್ಪತ್ರೆಗಳೂ ರೋಗಿಗಳೂ ಅಟ್ಲಾಂಟದ ನ್ಯಾಯಾಲಯಕ್ಕೆ ಹೋಗಿ, ನ್ಯಾಯಾಧೀಶೆ ಏಮಿ ಟೋಟನ್‌ಬರ್ಗ್ ಅವರಿಂದ ತಡೆಯಾಜ್ಞೆ ತಂದರು. ರಾಷ್ಟ್ರದ ಪಟ್ಟಿ ಆ ಕೆಲವು ದಿನಗಳೊಳಗೆ ಎರಡು ಸಲ ಬುಡಮೇಲಾಯಿತು. ಆ ವ್ಯಾಜ್ಯದಲ್ಲಿ ಹೊರಬಿದ್ದ ಅಧಿಕಾರಿಗಳ ಖಾಸಗಿ ಪತ್ರಗಳಲ್ಲಿ ದಕ್ಷಿಣದ ಜನರನ್ನು ಹೀಯಾಳಿಸಿದ ಮಾತುಗಳಿದ್ದವು. ನಿಯಮದ ಭಾಷೆ ಎಷ್ಟೇ ನಿರ್ವಿಕಾರವಾಗಿದ್ದರೂ ಅದನ್ನು ಬರೆದವರ ಮನಸ್ಸು ಹಾಗಿರಬೇಕಾಗಿಲ್ಲವೆಂಬುದಕ್ಕೆ ಅವು ದಾಖಲೆಯಾಗಿ ಉಳಿದಿವೆ. ತಡೆಯಾಜ್ಞೆ ತೆರವಾಗಿ 2020ರ ಫೆಬ್ರವರಿ 4ರಂದು ವೃತ್ತಗಳು ಮತ್ತೆ ಜಾರಿಗೆ ಬಂದವು. ಹಡ್ಸನ್ ನದಿ ಅಂದಿನಿಂದ ಬರಿಯ ನದಿಯಾಯಿತು.

ವೃತ್ತಕ್ಕೂ ತನ್ನದೇ ಆದ ಓರೆಗಳುಂಟು. ಕಡಲತೀರದಲ್ಲಿ ಎಳೆದ ವೃತ್ತದ ಅರ್ಧ ನೀರು. ಈಶಾನ್ಯದಲ್ಲಿ ಎಳೆದರೆ ಕೋಟಿಗಟ್ಟಲೆ ಜನ ಒಳಗೆ ಬೀಳುತ್ತಾರೆ, ಬಯಲುಸೀಮೆಯಲ್ಲಿ ಹೊಲಗಳು ಬೀಳುತ್ತವೆ. ಯಕೃತ್ತುಗಳು ಮೊದಲಿಗಿಂತ ದೂರ ಹಾರತೊಡಗಿದವು, ಖರ್ಚು ಏರಿತು. ಬೆಚ್ಚಗಿನ ರಕ್ತವನ್ನು ಹಾಯಿಸಿ ಅವಯವವನ್ನು ಜೀವಂತವಾಗಿಡುವ ಯಂತ್ರಗಳಿಗೆ 2021ರಲ್ಲಿ ಅನುಮತಿ ದೊರೆತು, ದೂರದ ಭಯ ಇನ್ನಷ್ಟು ತಗ್ಗಿತು. ಅತ್ಯಂತ ಕಾಹಿಲೆಯವರಿಗೆ ಬೇಗ ಕಸಿಯಾಗತೊಡಗಿತೆಂಬುದೂ ನಿಜ; ಲೂಸಿಯಾನ, ಅಲಬಾಮಗಳಂತಹ ಬಡ ಸಂಸ್ಥಾನಗಳಲ್ಲಿ ಕಸಿಗಳು ತಗ್ಗಿ, ನ್ಯೂಯಾರ್ಕ್ ಕ್ಯಾಲಿಫೋರ್ನಿಯಗಳಲ್ಲಿ ಏರಿದವೆಂಬುದೂ ನಿಜ. ವಯೊಮಿಂಗ್, ಮೊಂಟಾನ, ಐಡಹೊ, ಅಲಾಸ್ಕಗಳಲ್ಲಿ ಯಕೃತ್ತಿನ ಕಸಿ ಮಾಡುವ ಆಸ್ಪತ್ರೆ ಒಂದೂ ಇಲ್ಲ. ಯಾವ ವೃತ್ತವೂ ಅಲ್ಲಿನ ರೋಗಿಗಳನ್ನು ಒಳಗೊಳ್ಳದು, ಏಕೆಂದರೆ ವೃತ್ತ ಅಳೆಯುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ, ಮನೆಯಿಂದ ಆಸ್ಪತ್ರೆಗಲ್ಲ.

ಇದೇ ಗಂಟು ನಮ್ಮಲ್ಲಿಯೂ ಬೀಳುತ್ತಿರುವುದನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಭಾರತದ ಕಾನೂನು 1994ರದು. ಅಂಗಾಂಗಕ್ಕಾಗಿ ಹೆಸರು ನೋಂದಾಯಿಸಲು ಆ ರಾಜ್ಯದ ವಾಸಿಯಾಗಿರಬೇಕೆಂದು ಕೆಲವು ರಾಜ್ಯಗಳು ಇಟ್ಟುಕೊಂಡಿದ್ದ ಷರತ್ತನ್ನು ತೆಗೆದುಹಾಕುವಂತೆ ಕೇಂದ್ರ ಸರಕಾರ 2023ರ ಫೆಬ್ರವರಿಯಲ್ಲಿ ಹೇಳಿತು. ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆ ಪಟ್ಟಿಯನ್ನು ನೋಡಿಕೊಳ್ಳುತ್ತದೆ. ಯಕೃತ್ತಿನ ಕಸಿ ನಡೆಸುವ ಆಸ್ಪತ್ರೆಗಳು ಬಹುಪಾಲು ಬೆಂಗಳೂರಿನಲ್ಲಿವೆ. ಬೀದರಿನಿಂದ ಬೆಂಗಳೂರಿಗೆ ಎಷ್ಟು ದೂರವೆಂಬುದು ಓದುಗರಿಗೆ ಗೊತ್ತು.

ಅಮೆರಿಕದಲ್ಲಿ 2023ರಲ್ಲಿ ಮೊತ್ತಮೊದಲ ಬಾರಿಗೆ ಒಂದೇ ವರ್ಷದಲ್ಲಿ 10,000ಕ್ಕೂ ಮಿಕ್ಕು ಯಕೃತ್ತಿನ ಕಸಿಗಳಾದವು. ಆ ಸೆಪ್ಟೆಂಬರಿನಲ್ಲಿಯೇ ಯುನಾಸ್ ಸಂಸ್ಥೆಯ ಏಕಸ್ವಾಮ್ಯವನ್ನು ಮುರಿಯುವ ಕಾನೂನಿಗೆ ಅಧ್ಯಕ್ಷ ಬೈಡನ್ ಸಹಿ ಹಾಕಿದರು. ಹಂಚಿಕೆಯ ನ್ಯಾಯಾನ್ಯಾಯಗಳನ್ನು ಕುರಿತು ಈ ನಲವತ್ತು ವರ್ಷಗಳಲ್ಲಿ ನಡೆದ ಲೆಕ್ಕಾಚಾರವೆಲ್ಲ, 1999ರ ವರದಿಯಿಂದ ವೃತ್ತಗಳ ಗಣಿತದವರೆಗೆ, ಪಟ್ಟಿಯಲ್ಲಿ ಹೆಸರಿದ್ದವರ ಲೆಕ್ಕಾಚಾರ. ವೈದ್ಯರು ಕಸಿಕೇಂದ್ರಕ್ಕೆ ಕಳುಹಿಸಿಕೊಟ್ಟವರೆಷ್ಟು ಮಂದಿ, ಅವರಲ್ಲಿ ಪಟ್ಟಿಗೆ ಸೇರಿದವರೆಷ್ಟು, ಬಾಗಿಲಿನಿಂದಲೇ ಹಿಂದಿರುಗಿದವರೆಷ್ಟು ಎಂಬ ಮಾಹಿತಿಯನ್ನು ರಾಷ್ಟ್ರಮಟ್ಟದಲ್ಲಿ ಕೂಡಿಸತಕ್ಕದ್ದೆಂದು ಸರಕಾರ ಆ ಜಾಲಕ್ಕೆ ಆಜ್ಞೆ ಮಾಡಿದುದು 2024ರಲ್ಲಿ.